ಮಿಲಿಟರಿ ಲಾರಿಯ ಬ್ರೇಕು

ಆಗಸ್ಟ್ 19, ಸೋಮವಾರ

ಬೆಳಿಗ್ಗೆ ಶಾಲಾ ಬಸ್ಸು ಓಡಿಸಿದ್ದು, ಮಧ್ಯಾಹ್ನ ಮತ್ತೆ ಶಾಲಾ ಬಸ್ಸು. ನಡುವೆ ಬಟ್ಟೆ, ಕುರಿಗಳಿಗೆ ನೀರು. ಬಸ್ಸು ಬಿಟ್ಟು ಮನೆಗೆ ಬಂದರೆ ಅಂಗಳದಲ್ಲಿ ಲಾರಿ. ಪಾಚಿ ಹಸಿರು. ಪಕ್ಕದಲ್ಲಿ ಮರ್ವ್ ನಗುತ್ತಾ ನಿಂತಿದ್ದ. ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಆ ನಗುವಿನ ಅರ್ಥ ಗೊತ್ತು. ಕೊಂಡದ್ದು ನಾನು, ರಿಪೇರಿ ನಿನ್ನದು.

ಅಡಿಲೇಡ್ ಹರಾಜಿನಲ್ಲಿ ಹಿಡಿದನಂತೆ. ಸೇನೆಯವರು ಮೂವತ್ತು ವರ್ಷ ದುಡಿಸಿ ಬಿಸಾಕಿದ್ದು. ಬೈಯೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಹೋದ ಬೇಸಿಗೆ ಪಕ್ಕದ ಲಿಂಡ್ಸೆಯ ಹೊಲಕ್ಕೆ ಬೆಂಕಿ ಬಿದ್ದಾಗ ನಮ್ಮ ಪಿಕಪ್‌ನ ಪುಟ್ಟ ನೀರಿನ ಟ್ಯಾಂಕು ಹತ್ತು ನಿಮಿಷಕ್ಕೇ ಖಾಲಿ. ಅವನ ಕುರಿಗಳು ಬೇಲಿಗೆ ಒತ್ತಿಕೊಂಡು ಬೇಯುವುದನ್ನು ನಿಂತು ನೋಡಿದೆವು. ಮರ್ವ್ ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಈ ಲಾರಿಗೆ ದೊಡ್ಡ ಟ್ಯಾಂಕು ಕೂರಿಸಿ ಬೆಂಕಿ ಆರಿಸಲು ಇಟ್ಟುಕೊಳ್ಳುತ್ತಾನಂತೆ.

ಒಂದೇ ವಿಚಿತ್ರ. ತಾನೇ ಓಡಿಸಿಕೊಂಡು ಬರಲಿಲ್ಲ. ಟ್ರೇಲರ್ ಮೇಲೆ ಹೊರಿಸಿ ತರಿಸಿದ್ದಾನೆ. ಮರ್ವ್ ಅಂಥವನಲ್ಲ.

ಆಗಸ್ಟ್ 31, ಶನಿವಾರ

ಬಲಗಡೆ ಚಕ್ರಗಳು ಬಿಚ್ಚಿದವು. ಎಡಗಡೆಯವು ಜಪ್ಪಯ್ಯ ಅನ್ನಲಿಲ್ಲ. ಪೈಪು ಸಿಕ್ಕಿಸಿ ಮೇಲೆ ನಿಂತು ಕುಣಿದೆ. ಆಮೇಲೆ ಗೊತ್ತಾಯಿತು — ಎಡಗಡೆ ನಟ್‌ಗಳು ತಿರುಗುವುದೇ ಉಲ್ಟಾ! ಅಪ್ಪನ ಗ್ಯಾರೇಜಿನಲ್ಲಿ ಬೆಳೆದವಳು, ಒಂದು ಗಂಟೆ ಹೊತ್ತು ಬಿಗಿ ಮಾಡುತ್ತಲೇ ಇದ್ದೆ. ಯಾರಿಗೂ ಹೇಳುವುದಿಲ್ಲ.

ಬ್ರೇಕ್ ಡ್ರಮ್ ಒಳಗೆ ಜೇಡರ ಬಲೆ, ತುಕ್ಕು, ಎಂಥದೋ ಮರುಭೂಮಿಯ ಕೆಂಪು ಮಣ್ಣು. ಬ್ರೇಕು ಪೂರ್ತಿ ಹೊಸದಾಗಿ ಕಟ್ಟಬೇಕು. ಕೈ ಕೆಸರಾದರೆ ಬಾಯಿಗೆ ಮೊಸರು ಅನ್ನುತ್ತಾರೆ. ನನ್ನ ಕೈಗೆ ಗ್ರೀಸು, ಬಾಯಿಗೆ ಬರೀ ಧೂಳು.

ಲಿಂಡ್ಸೆ ಬಂದಿದ್ದ.

"ಏನೋ ಮರ್ವ್, ಯಾವ ದೇಶದ ಮೇಲೆ ಯುದ್ಧ?"

"ನಿನ್ ಹೊಲದ ಮೇಲೇ ಕಣೋ."

"ಹಂಗಾದ್ರೆ ನಾನು ಈಗ್ಲೇ ಶರಣು. ಆದ್ರೂ ನಿನ್ ಸೈನ್ಯ ನೋಡು… ನೆಲದ ಮೇಲೆ ಬಿದ್ದು ಒದ್ದಾಡೋಳು ವೆರ್ನಾ, ನೀನು ಟೀ ಕುಡ್ಕೊಂಡು ನಿಂತಿರೋ ಜನರಲ್ಲು!"

ಮರ್ವ್ ನಕ್ಕ. ಅವನಿಗೆ ಟೀ ಸುರಿಯಲು ಹೋದ. ಅರ್ಧ ಲೋಟದೊಳಗೆ, ಅರ್ಧ ಲಿಂಡ್ಸೆಯ ಬೂಟಿನ ಮೇಲೆ. ಇಬ್ಬರೂ ಅದಕ್ಕೂ ನಕ್ಕರು. ನನಗೆ ನಗು ಬರಲಿಲ್ಲ.

ಲಾರಿಯ ಮ್ಯಾನುಯಲ್ ಓದಿ ಹೇಳು ಎಂದರೆ "ಕನ್ನಡಕ ಎಲ್ಲೋ ಇಟ್ಟೆ" ಅನ್ನುತ್ತಾನೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ. ಮಾತಾಡುವಾಗ ನನ್ನ ಕಿವಿ ನೋಡುತ್ತಾನೆ. ಅವನ ಅಮ್ಮನೂ ಹೀಗೇ ಶುರು ಮಾಡಿದ್ದು. ಕೊನೆಗೆ ನಮ್ಮನ್ನೆಲ್ಲ ದನಿಯಿಂದ ಗುರುತಿಸುತ್ತಿದ್ದಳು.

ಕೇಳಬೇಕು. ನಾಳೆ ಕೇಳುತ್ತೇನೆ.

ಅಕ್ಟೋಬರ್ 12, ಶನಿವಾರ

ಕೇಳಿಲ್ಲ.

ಬ್ರೇಕಿನ ಪೈಪುಗಳಿಂದ ಗಾಳಿ ತೆಗೆದೆವು. ಇಬ್ಬರ ಕೆಲಸ. ಅವನು ಮೇಲೆ ಪೆಡಲ್ ಮೇಲೆ, ನಾನು ಕೆಳಗೆ ಸ್ಪ್ಯಾನರ್ ಹಿಡಿದು. "ಒತ್ತು." "ಒತ್ತಿದೆ." "ಹಿಡಿ." "ಹಿಡಿದಿದ್ದೀನಿ." "ಬಿಡು." ಬೆಳಿಗ್ಗೆಯಿಂದ ಸಂಜೆತನಕ ಇಷ್ಟೇ ಮಾತು. ಈ ವರ್ಷ ನಾವಿಬ್ಬರೂ ಒಟ್ಟಿಗೆ ಆಡಿದ ಅತಿ ಉದ್ದದ ಮಾತುಕತೆ ಇದೇ ಇರಬೇಕು.

ಸೊಂಟ ಬಿದ್ದುಹೋಗಿದೆ.

ಅಕ್ಟೋಬರ್ 26, ಶನಿವಾರ

ಕೊಯ್ಲಿಗೆ ಮುಂಚೆ ಊರಿನ ಬೆಂಕಿ ದಳ ಸೇರುವ ಫೈರ್ ಶೆಡ್ ದಿನ. ಎಲ್ಲರ ಬೆಂಕಿ ಆರಿಸುವ ಲಾರಿಗಳೂ ಸಾಲಾಗಿ. ಇಲ್ಲಿ ಕಾಗದ ಪತ್ರ ಇಲ್ಲ. ದಳದ ಕ್ಯಾಪ್ಟನ್ ಡಾರಿಲ್ ಒಂದೊಂದರ ಮುಂದೆ ನಿಂತು "ಬ್ರೇಕ್ ಯಾರದು?" ಎನ್ನುತ್ತಾನೆ. ಕಟ್ಟಿದವರು "ನಂದು, ಸರಿ ಇದೆ" ಎಂದರೆ ಮುಗಿಯಿತು. ಆ ಮಾತಿನ ಮೇಲೆ ಜನ ಲಾರಿಯ ಹಿಂದೆ ಹತ್ತಿ ಹೊಗೆಯೊಳಗೆ ಹೋಗುತ್ತಾರೆ.

ಮೂರು ಸಾವಿರ ಲೀಟರ್ ನೀರು ತುಂಬಿಸಿ ಧಾನ್ಯದ ಸೈಲೋ ರಸ್ತೆಯಲ್ಲಿ ನಾನೇ ಓಡಿಸಿ ಒತ್ತಿ ನೋಡಿದ್ದೆ. ಗಕ್ಕನೆ ನಿಂತಿತು. "ನಂದು, ಸರಿ ಇದೆ" ಎಂದೆ.

ಕೀ ಇನ್ನು ಲಾರಿಯಲ್ಲೇ. ಬೇಸಿಗೆ ಮುಗಿಯುವವರೆಗೂ ಯಾರೂ ಕೀ ತೆಗೆಯುವುದಿಲ್ಲ, ಹತ್ತಿರ ಇದ್ದವರು ಹತ್ತಿ ಹೊರಡಬೇಕು. ಬೆಂಕಿಗೆ ಹೋದರೆ ನಾನೇ ಓಡಿಸುವುದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಮನಸ್ಸಿನಲ್ಲೇ.

ನವೆಂಬರ್ 22, ಶುಕ್ರವಾರ

ಮೂರು ಗಂಟೆಗೆ ಬಸ್ಸಿನಲ್ಲಿದ್ದೆ. ಹನ್ನೊಂದು ಮಕ್ಕಳು. ದೂರದಲ್ಲಿ ಹೊಗೆ ಕಂಡಿತು. ರೇಡಿಯೋದಲ್ಲಿ ಮರ್ವ್ ದನಿ: "ಹೊರಟ್ವಿ, ಲಿಂಡ್ಸೆ ಹಿಂದೆ ಹತ್ತಿದಾನೆ." ಬಸ್ಸು ಬಿಟ್ಟು ಎಲ್ಲಿಗೆ ಓಡಲಿ…

ಬೆಂಕಿ ಆರಿತು. ಬಾರ್ಲಿ ಸ್ವಲ್ಪ ಹೋಯಿತು, ಅಷ್ಟೆ. ಆದರೆ ಲಾರಿ ಬೇಲಿಯ ಮೂಲೆಗಂಬಕ್ಕೆ ಗುದ್ದಿದೆ. ಹಿಂದೆ ಹೋಸ್ ಹಿಡಿದಿದ್ದ ಲಿಂಡ್ಸೆ ಕ್ಯಾಬಿನ್ ದಾಟಿ ಎದುರಿಗೆ ಹೋಗಿ ಬಿದ್ದ. ಸೊಂಟದ ಮೂಳೆ ನಾಲ್ಕು ಕಡೆ ಮುರಿದಿದೆ. ಹೆಲಿಕಾಪ್ಟರಿನಲ್ಲಿ ಅಡಿಲೇಡಿಗೆ. ಹೆಂಡತಿ ಜಾಯ್ಲೀನ್ ಜೊತೆಗೆ ಹೋದಳು.

ಮರ್ವ್‌ಗೆ ಒಂದು ಗೀರೂ ಇಲ್ಲ. ಅಡುಗೆಮನೆಯಲ್ಲಿ ಕೂತು ಒಂದೇ ಮಾತು. "ಬ್ರೇಕ್ ಹಿಡೀಲಿಲ್ಲ ವೆರ್ನಾ. ಒತ್ತಿದೆ, ಹಿಡೀಲಿಲ್ಲ."

ನವೆಂಬರ್ 23, ಶನಿವಾರ

ಬೆಳಿಗ್ಗೆ ಆರಕ್ಕೇ ಒಬ್ಬಳೇ ಅಲ್ಲಿಗೆ ಹೋದೆ. ಕಂಬ ಇರುವುದು ಬಟ್ಟಬಯಲಿನಲ್ಲಿ. ಹೊಗೆ ಇದ್ದದ್ದು ಆಚೆ ಬದಿಗೆ. ಟೈರಿನ ಗುರುತು ಗೆರೆ ಎಳೆದಂತೆ ನೇರ ಕಂಬಕ್ಕೆ. ಚಕ್ರ ಕಚ್ಚಿ ನೆಲ ಕೆತ್ತಿದ್ದು ಕಂಬ ದಾಟಿದ ಮೇಲೆ. ನಾಲ್ಕೂ ಚಕ್ರ, ಒಂದೇ ಆಳ. ಬ್ರೇಕು ಹಿಡಿದಿದೆ, ಒತ್ತಿದ್ದೇ ತಡವಾಗಿ.

ಆದರೂ ಮನೆಗೆ ಬಂದು, ರಾತ್ರಿಯೇ ಎಳೆದು ತಂದಿದ್ದ ಲಾರಿಯ ಚಕ್ರಗಳನ್ನು ಬಿಚ್ಚಿದೆ. ತಪ್ಪು ನನ್ನದೇ ಆಗಿರಲಿ ಎಂದು ಬೇಡಿಕೊಂಡೆ, ಹೌದು. ಒಂದು ಹನಿ ಸೋರಿಕೆ ಸಿಕ್ಕಿದ್ದರೆ ಸಾಕಿತ್ತು. ಎಲ್ಲಾ ಒಣಗಿಯೇ ಇತ್ತು.

ನವೆಂಬರ್ 27, ಬುಧವಾರ

ಬೆಂಕಿ ಆದ ಮೇಲೆ ಎಲ್ಲರೂ ಶೆಡ್‌ನಲ್ಲಿ ಸೇರುವುದು ಪದ್ಧತಿ. ಸಾಸೇಜು, ಬಿಯರು. ತಪ್ಪು ಯಾರದು ಎಂದು ಯಾರೂ ಎತ್ತುವುದಿಲ್ಲ. ಬೆಂಕಿಯಲ್ಲಿ ಆದದ್ದನ್ನು ಬೆಂಕಿಯ ತಲೆಗೇ ಕಟ್ಟಿ ಮನೆಗೆ ಹೋಗುತ್ತೇವೆ. ನಮ್ಮ ಅಜ್ಜಂದಿರ ಕಾಲದಿಂದಲೂ ಹೀಗೇ.

ಮರ್ವ್ ಮತ್ತೆ "ಬ್ರೇಕ್ ಹಿಡೀಲಿಲ್ಲ" ಎಂದ. ಎಲ್ಲರೂ ತಲೆಯಾಡಿಸಿದರು. "ಹಳೇ ಗಾಡಿ ಅಲ್ವಾ." "ಮಿಲಿಟರಿಯವರು ಸುಮ್ನೆ ಮಾರ್ತಾರಾ." ಡಾರಿಲ್ ನನ್ನ ಕಡೆ ತಿರುಗಿದ. ನಾನು ನುಣುಚಿಕೊಳ್ಳಲು ಅವನೂ ದಾರಿ ತೆರೆದೇ ಇಟ್ಟಿದ್ದ. "ಯಾವ್ದಾದ್ರೂ ಪೈಪ್ ಹೋಗಿರ್ಬೇಕು, ಅಲ್ವಾ ವೆರ್ನಾ? ಸರಿ ಮಾಡಿ ಶನಿವಾರ ತಂದ್ಬಿಡಿ. ಮರ್ವ್ ಇಲ್ದೆ ನಮ್ಗಾಗಲ್ಲ."

ಹೂಂ ಅಂದಿದ್ದರೆ ಆಗಿತ್ತು. ಶನಿವಾರ ಇನ್ನೊಬ್ಬ ಹಿಂದೆ ಹತ್ತುತ್ತಿದ್ದ.

"ಬ್ರೇಕ್ ಸರಿಯಾಗಿದೆ. ಮರ್ವ್‌ಗೆ ಕಣ್ಣು ಕಾಣಲ್ಲ."

ಒಲೆಯ ಮೇಲೆ ಸಾಸೇಜು ಸೀಯುತ್ತಿತ್ತು, ಯಾರೂ ತಿರುವಲಿಲ್ಲ. ಮರ್ವ್ ಎದ್ದು ಹೊರಗೆ ನಡೆದ. ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಂಡು.

ಸ್ವಲ್ಪ ಹೊತ್ತಿನ ಮೇಲೆ ಡಾರಿಲ್ ನೆಲ ನೋಡುತ್ತಾ ಹೇಳಿದ: "ಲಾರಿ ಬರ್ಲಿ. ಯಾರು ಓಡಿಸ್ತಾರೆ ಅನ್ನೋದು ನಿಮ್ ಮನೆ ವಿಷ್ಯ."

ಡಿಸೆಂಬರ್ 8, ಭಾನುವಾರ

ಬರೆಯಲು ಏನೂ ಇಲ್ಲ. ಮಾತಿಲ್ಲ. ಅವನು ವರಾಂಡದಲ್ಲಿ, ನಾನು ಒಳಗೆ. ಚರ್ಚಿನಲ್ಲಿ ನಮ್ಮ ಬೆಂಚಿಗೆ ಯಾರೂ ಬರಲಿಲ್ಲ.

ಜಾಯ್ಲೀನ್ ಆಸ್ಪತ್ರೆಯಿಂದ ಫೋನು ಮಾಡಿದಳು. ಲಿಂಡ್ಸೆ ನಡೆಯುತ್ತಾನಂತೆ, ಕೋಲು ಹಿಡಿದು, ಮುಂದಿನ ಚಳಿಗಾಲಕ್ಕೆ. ಆಮೇಲೆ ಕೇಳಿದಳು.

"ಒಂದ್ ಮಾತ್ ಕೇಳ್ಲಾ? ನಿಂಗೆ ಯಾವಾಗಿಂದ ಗೊತ್ತಿತ್ತು?"

"ಆಗಸ್ಟಿಂದ."

ಫೋನ್ ಇಟ್ಟುಬಿಟ್ಟಳು. ಇಡದೆ ಏನು ಮಾಡಿಯಾಳು. ಶೆಡ್‌ನಲ್ಲಿ ನಿಂತು ನಿಜ ಹೇಳಿದ ಧೀರೆ ನಾನು. ಮೂರು ತಿಂಗಳು ಅಡುಗೆಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದವಳೂ ನಾನೇ. ನಾಚಿಕೆಯಾಗುತ್ತದೆ.

ಡಿಸೆಂಬರ್ 9, ಸಂಜೆ

ಮರ್ವ್ ಬಾಯಿ ಬಿಟ್ಟ. ಕುರಿ ತೊಟ್ಟಿ ತೊಳೆಯುತ್ತಿದ್ದೆ, ಹಿಂದೆ ಬಂದು ನಿಂತ.

"ನಡುವೆ ಕಪ್ಪು ಕಣೆ. ನೀನು ಎದ್ರಿಗೆ ನಿಂತ್ರೆ ಕೂದ್ಲು ಕಾಣುತ್ತೆ, ಹೆಗಲು ಕಾಣುತ್ತೆ. ಮುಖ ಇರಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸೀಟಿಂದ ಇಳಿಸ್ತಿದ್ದೆ."

"ಇಳಿಸ್ತಿದ್ದೆ."

ನೀರು ತುಂಬಿ ಹರಿಯುತ್ತಿತ್ತು, ನಲ್ಲಿ ನಿಲ್ಲಿಸಲು ಇಬ್ಬರಿಗೂ ತೋಚಲಿಲ್ಲ.

"ಇಳಿಸ್ಬೇಕಿತ್ತು, ವೆರ್ನಾ."

ಅಷ್ಟು ಹೇಳಿ ಹೋದ. ಇನ್ನು ಓಡಿಸುವುದಿಲ್ಲ ಎಂದೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮತ್ತೆ ಕೇಳಲಿಲ್ಲ! ಇಷ್ಟಾದರೂ ಬುದ್ಧಿ ಬಂದಿಲ್ಲ.

ಡಿಸೆಂಬರ್ 14, ಶನಿವಾರ, ಮಧ್ಯಾಹ್ನ 1.20

ನಲವತ್ತಮೂರು ಡಿಗ್ರಿ. ಮರುಭೂಮಿ ಕಡೆಯ ಬಡಗಣ ಬಿಸಿಗಾಳಿ. ಕಿಡಿ ಹಾರೀತು, ಕೊಯ್ಲು ನಿಲ್ಲಿಸಿ ಎಂದು ಹನ್ನೊಂದಕ್ಕೇ ಹೇಳಿದರು. ಇವತ್ತು ಕೇಳಿಯೇ ಬಿಡುತ್ತೇನೆ, ಊಟ ಆದ ಮೇಲೆ. ಮೊಟ್ಟೆ ಸ್ಯಾಂಡ್‌ವಿಚ್ ಮುಚ್ಚಿಟ್ಟಿದ್ದೇನೆ. ಅವನು ಎಲ್ಲಿ ಹೋದ ಗೊತ್ತಿಲ್ಲ.

ರೇಡಿಯೋ. ಸೈಲೋದ ಪೂರ್ವಕ್ಕೆ ಹೊಗೆ, ಎಲ್ಲಾ ಲಾರಿಗಳೂ ಬನ್ನಿ ಅಂತ ಡಾರಿಲ್…

ಲಾರಿ ಸ್ಟಾರ್ಟ್ ಆದ ಸದ್ದು. ದೇವರೇ. ಹತ್ತಿಬಿಟ್ಟ.

ಕಿಟಕಿಯಿಂದ ನೋಡಿದೆ. ಬಲಗಡೆ ಬಾಗಿಲು ತೆರೆದಿದೆ, ಸ್ಟಿಯರಿಂಗ್ ಹಿಂದೆ ಯಾರೂ ಇಲ್ಲ. ಮರ್ವ್ ಎಡಗಡೆ ಸೀಟಿಗೆ ಸರಿದು ಕೂತಿದ್ದಾನೆ. ಅಲ್ಲಿಂದಲೇ ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾನೆ — "ವೆರ್ನಾ! ಬೂಟ್ ಹಾಕ್ಕೊಂಡ್ ಬಾರೇ, ಎಷ್ಟ್ ಹೊತ್ತು!" — ಬೂಟು ಎಲ್ಲಿ, ಒಂದು ಸಿಕ್ಕಿತು, ಇನ್ನೊಂದು—