ಒಂದು ಚೊಂಬು ಸೀನೀರು

ಏನೂಂದ್ರೆ,

ಇಪ್ಪತ್ತಾರು ವರ್ಷ ನಿಮ್ಮನ್ನು ಕರೆದದ್ದು ಹೀಗೇ ಅಲ್ಲವೇ? ಬಾಯಲ್ಲಿ ಬಾರದ ಹೆಸರು ಈಗ ಕಾಗದದ ಮೇಲೆ ಬರೆಯಲೂ ಕೈ ಓಡುವುದಿಲ್ಲ. ಹಾಗೇ ಇರಲಿ. ಅಲ್ಲಿ ಯಾವುದಾದರೂ ರೇಡಿಯೋ ಬಿಚ್ಚಿಕೊಂಡು ಕೂತಿದ್ದರೆ ಸ್ವಲ್ಪ ಪಕ್ಕಕ್ಕಿಟ್ಟು ನನ್ನ ಮಾತು ಕೇಳಿ. ನಿಮ್ಮ ಹತ್ತಿರ ಒಪ್ಪಿಕೊಳ್ಳಬೇಕಾದ ತಪ್ಪೊಂದಿದೆ, ಹೇಳಬೇಕಾದ ಸಮಾಚಾರವೊಂದಿದೆ. ಸಮಾಚಾರ ಕೊನೆಗೆ. ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದಕ್ಕೆ ನೀವು ಕಿವಿಯೇ ಕೊಡುವುದಿಲ್ಲ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ?

ರಾಮೇಶ್ವರದ ಆ ದೋಣಿ ನೆನಪಿದೆಯಾ? ಮದುವೆಯಾದ ವರ್ಷ ನಿಮ್ಮಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಎಲ್ಲರೂ ಗೋಪುರದ ಕಡೆ ಕೈ ಮುಗಿಯುತ್ತಿದ್ದರೆ ನೀವು ದೋಣಿಯ ಅಂಚಿನಲ್ಲಿ ಬೋರಲು ಮಲಗಿ ನೀರೊಳಗೆ ಇಣುಕುತ್ತಿದ್ದಿರಿ. ಬಿದ್ದುಬಿಟ್ಟೀರಿ ಎಂದು ನಾನು ನಿಮ್ಮ ಅಂಗಿಯ ಚುಂಗು ಹಿಡಿದು ಕೂತಿದ್ದೆ. ಕೆಳಗೆ ಹವಳದ ಕಲ್ಲು, ಅದರ ಸಂದಿಯಲ್ಲಿ ಕನಕಾಂಬರದ ಬಣ್ಣದ ಪುಟ್ಟ ಮೀನುಗಳು, ಮೈಮೇಲೆ ಬಿಳಿ ಪಟ್ಟಿ. "ಇವನ್ನ ಮನೇಲಿ ಇಟ್ಕೋಬೇಕು ಕಣೇ ಸರೋಜಾ" ಅಂದಿರಿ. "ನಮ್ಮ ಮನೆ ಇರೋದು ಮುಳಬಾಗಿಲಲ್ಲಿ ಕಣ್ರೀ, ಸಮುದ್ರದಲ್ಲಲ್ಲ" ಎಂದು ನಕ್ಕೆ. ನೀವು ನಗಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಮಸ್ತಾನ್ ಭಾಯ್ ತನ್ನ ಲಾರಿಯ ಟೇಪ್ ರೆಕಾರ್ಡರ್ ರಿಪೇರಿಗೆ ತಂದ ದಿನ ನಿಮ್ಮ ಹಳೇ ಹುಚ್ಚು ಮತ್ತೆ ಕೆದರಿತು. ಅಷ್ಟು ಹೊತ್ತಿಗೆ ಮಗಳನ್ನು ಮಾಲೂರಿಗೆ ಕೊಟ್ಟಾಗಿತ್ತು, ಬಸ್‌ಸ್ಟ್ಯಾಂಡಿನ ಹಿಂದಿನ ನಿಮ್ಮ ರೇಡಿಯೋ ಅಂಗಡಿಗೂ ಹೆಸರು ಬಂದಿತ್ತು. "ಮದ್ರಾಸಿಗೆ ತರಕಾರಿ ಹಾಕ್ಕೊಂಡು ಹೋಗ್ತೀನಿ, ಬರೋವಾಗ ಖಾಲಿ ಗಾಡಿ. ಸಮುದ್ರದ ನೀರೇನು ಭಾಯ್, ಸಮುದ್ರಾನೇ ತರ್ತೀನಿ" ಅಂದ ಪುಣ್ಯಾತ್ಮ. ಆಮೇಲೆ ಬಂದದ್ದೇ ಬಂದದ್ದು. ನಡುಮನೆಯಲ್ಲಿ ಮೂರು ಅಡಿಯ ಗಾಜಿನ ತೊಟ್ಟಿ, ಕಾಟಿನ ಕೆಳಗೆ ಸಾಲಾಗಿ ನೀರಿನ ಕ್ಯಾನು, ಹವಳದ ಕಲ್ಲು, ಗಾಳಿ ಊದುವ ಮೋಟರು, ಕೊನೆಗೆ ಮದ್ರಾಸಿನ ಅಂಗಡಿಯಿಂದ ಅದೇ ಕನಕಾಂಬರದ ಬಣ್ಣದ ನಾಲ್ಕು ಮೀನು. ಕರೆಂಟು ಹೋದರೆ ಇರಲಿ ಎಂದು ಲಾರಿ ಟ್ಯೂಬಿಗೆ ಗಾಳಿ ತುಂಬಿ, ಆಸ್ಪತ್ರೆಯ ಗ್ಲೂಕೋಸ್ ಪೈಪು ಸಿಕ್ಕಿಸಿ, ಅದರ ತುದಿ ನೀರಿಗೆ ಬಿಟ್ಟಿದ್ದಿರಿ. ಗೌನಿಪಲ್ಲಿಯಿಂದ ಮಾವಿನಹಣ್ಣು ಹೊತ್ತುಕೊಂಡು ಬಂದ ನಮ್ಮಮ್ಮ ಬಾಗಿಲಲ್ಲೇ ನಿಂತು, "ಚೇಪಲ ಕೋಸಂ ಸಮುದ್ರಾನ್ನೇ ತೆಪ್ಪಿಂಚಿನಾಡಾ ಮಾ ಅಲ್ಲುಡು?" ಅಂದಳು. ಮೀನಿಗೋಸ್ಕರ ಸಮುದ್ರವನ್ನೇ ತರಿಸಿದ ಅಳಿಯನನ್ನು ಕಂಡು ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನೀವು ಸಾಮಾನು ತರಲು ಮೂರು ದಿನ ಬೆಂಗಳೂರಿಗೆ ಹೊರಟಿರಲ್ಲ, ಆ ಬೆಳಿಗ್ಗೆಯ ಮಾತು ನನಗೆ ಈಗಲೂ ಅಕ್ಷರ ಅಕ್ಷರ ನೆನಪಿದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನೀರು ನಾಲ್ಕು ಬೆರಳು ಇಳಿದ್ರೆ ಉಪ್ಪುನೀರು ಹಾಕು ಕಣೇ" ಅಂದಿರಿ. ನಮ್ಮೂರಲ್ಲಿ ಉಪ್ಪುನೀರು ಅಂದರೆ ಯಾವುದು, ನೀವೇ ಹೇಳಿ? ಹಿತ್ತಿಲ ಬಾವಿಯದು. ಬೇಳೆ ಬೇಯಿಸದ, ಸೋಪು ನೊರೆ ಬರಿಸದ, ಪಾತ್ರೆ ತೊಳೆಯಲು ಮಾತ್ರ ಆಗುವ ನೀರು. ಕುಡಿಯುವುದು ಸೀನೀರು, ಅದನ್ನು ಊರಾಚೆಯ ತೋಟದ ಬಾವಿಯಿಂದ ಹೊತ್ತು ತರಬೇಕು. ಕ್ಯಾನಿನಲ್ಲಿದ್ದದ್ದು ನನ್ನ ಬಾಯಲ್ಲಿ ಯಾವತ್ತೂ 'ಸಮುದ್ರದ ನೀರು'. ನೀವು ಉಪ್ಪುನೀರು ಅಂದಿರಿ, ನಾನು ಹಿತ್ತಿಲಿಗೆ ಹೋಗಿ ಎರಡು ಕೊಡ ಸೇದಿ, ಅಂಚಿನವರೆಗೆ ತುಂಬಿಸಿ, ಗಂಡ ಬಂದು ಮೆಚ್ಚುತ್ತಾರೆ ಎಂದು ಸೆರಗಲ್ಲಿ ಗಾಜನ್ನೂ ಒರೆಸಿದೆ. ಕೊಡದ ತಳದಲ್ಲಿ ಸುಣ್ಣ ಕಟ್ಟುವ ನೀರು ಅದು, ಆ ಸೂಕ್ಷ್ಮದ ಜೀವಗಳು ತಡೆದುಕೊಂಡಾವೇ? ನೀವು ಬರುವ ಹೊತ್ತಿಗೆ ನಾಲ್ಕೂ ಮಗುಚಿಕೊಂಡು ತೇಲುತ್ತಿದ್ದವು.

ನೀವು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಸಮ ಸಮ ಆಗುತ್ತಿತ್ತು. ನೀವು ಸತ್ತ ಮೀನುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು, ನನ್ನ ಮುಖ ಕೂಡ ನೋಡದೆ, "ನಿನ್ನ ಕೈಗುಣ ಸರಿಯಿಲ್ಲ. ಇನ್ಮೇಲೆ ಈ ತೊಟ್ಟಿ ಮುಟ್ಟಬೇಡ" ಅಂದಿರಿ. ಊರಿನವರೆಲ್ಲ ಸತ್ತ ರೇಡಿಯೋ ಹಾಡಿಸುವ ನಿಮ್ಮ ಕೈಗುಣವನ್ನು ಹೊಗಳುತ್ತಿದ್ದರು. ನಾನು ನೆಟ್ಟ ಕರಿಬೇವು ಮನೆಯೆತ್ತರ ಬೆಳೆದಿರಲಿಲ್ಲವೇ? ನಾನು ಬಾಣಂತನ ಮಾಡಿದ ಒಂದು ಮಗುವಾದರೂ ಸೊರಗಿತ್ತೇ? ಹಿತ್ತಿಲಿಗೆ ಹೋಗಿ ಆ ಹಾಳು ಬಾವಿಯ ಕಟ್ಟೆ ಮೇಲೆ ಕೂತು ಅತ್ತೆ. ನಿಮಗೆ ಹೇಳಲಿಲ್ಲ.

ಮತ್ತೆ ಮೀನು ತರಿಸಿದಿರಿ, ನಾನು ಮುಟ್ಟಲಿಲ್ಲ. ಆದರೂ ಸತ್ತವು. ಮತ್ತೆ ತರಿಸಿದಿರಿ. ನೀರು ಇಳಿದ ಹಾಗೆಲ್ಲ ಕ್ಯಾನಿನ ನೀರನ್ನೇ, ದೇವರಿಗೆ ಅಭಿಷೇಕ ಮಾಡುವಷ್ಟು ಭಕ್ತಿಯಿಂದ ನೀವೇ ಹಾಕುತ್ತಿದ್ದಿರಿ. "ಸಮುದ್ರದ ಮೀನಿಗೆ ಸಮುದ್ರದ ನೀರೇ, ಒಂದು ತೊಟ್ಟು ಸೀನೀರು ಸೋಕಬಾರದು" ಎಂದು ಬಂದವರಿಗೆಲ್ಲ ಪಾಠ. ಒಂದೊಂದೇ ಹೋಗಿ ಕೊನೆಗೆ ಉಳಿದದ್ದು ಎರಡೇ. ರೇಡಿಯೋ ಸ್ಟೇಷನ್ನುಗಳ ಹೆಸರೇ ಇಟ್ಟಿದ್ದಿರಲ್ಲ, ದೊಡ್ಡದು ಸಿಲೋನು, ಚಿಕ್ಕದು ಮದ್ರಾಸು. ಅವೂ ಮಂಕಾದವು. "ಇವೂ ಹೋದ್ರೆ ತೊಟ್ಟಿ ಒಡೆದು ಹಾಕ್ತೀನಿ ಕಣೇ" ಅಂದಿರಿ. ಅವತ್ತು ಊಟವನ್ನೂ ಅರ್ಧಕ್ಕೆ ಬಿಟ್ಟು ಎದ್ದಿರಿ. ಕೋಪ ಇತ್ತು ನಿಜ, ಆದರೆ ನಿಮ್ಮ ತಟ್ಟೆ ಎತ್ತುವಾಗ ಅದನ್ನು ಹಿಡಿದಿಟ್ಟುಕೊಳ್ಳಲಾಗಲಿಲ್ಲ.

ಅವತ್ತು ಪಾತ್ರೆಯಲ್ಲಿ ಮಿಕ್ಕ ಸಾರನ್ನು ಸಾಯಂಕಾಲ ಮತ್ತೆ ಕುದಿಯಲು ಇಟ್ಟು ಮರೆತೆ. ಬತ್ತಿ ಅರ್ಧಕ್ಕೆ ಬಂದಿತ್ತು. ನಾಲಿಗೆಗೆ ಹಚ್ಚಿದರೆ ಉಪ್ಪೋ ಉಪ್ಪು. ಬತ್ತುವುದು ನೀರು ತಾನೇ, ಉಪ್ಪು ಎಲ್ಲಿಗೆ ಹೋಗುತ್ತೆ? ನಾನು ಒಂದು ಲೋಟ ನೀರು ಹಾಕಿ ಸರಿಮಾಡಿದೆ. ಲೋಟ ಕೈಯಲ್ಲಿ ಹಿಡಿದೇ ನಡುಮನೆಗೆ ಬಂದು ನಿಂತೆ. ತೊಟ್ಟಿಯ ಗಾಜಿನ ಅಂಚಿನಲ್ಲೆಲ್ಲ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು. ನೀವು ಅಂಗಡಿಯಲ್ಲಿದ್ದಿರಿ. ಮುಟ್ಟಬೇಡ ಅಂದದ್ದಕ್ಕೆ ಒಂದೇ ಒಂದು ಬೆರಳು ಅದ್ದಿ ನೆಕ್ಕಿದೆ, ಆಮೇಲೆ ಕ್ಯಾನಿನದ್ದನ್ನೂ ನೆಕ್ಕಿದೆ. ಅಯ್ಯೋ ದೇವರೇ! ತೊಟ್ಟಿಯದು ಗಂಟಲು ಸುಡುವಷ್ಟು ಉಪ್ಪು. ಬತ್ತಿದ ಸಾರಿಗೆ ನೀವು ಮತ್ತೆ ಮತ್ತೆ ಉಪ್ಪು ಸುರಿಯುತ್ತಿದ್ದಿರಿ!

ಮಾರನೆಯ ದಿನ ಮಧ್ಯಾಹ್ನ ನೀವು ಅಂಗಡಿಗೆ ಹೋದ ಮೇಲೆ ಒಂದು ಚೊಂಬು ಸೀನೀರು ತೆಗೆದುಕೊಂಡೆ. ಸೊಂಟದ ಮೇಲೆ ಹೊತ್ತು ತಂದ ಎರಡೇ ಕೊಡದಲ್ಲಿ ಒಂದು ಚೊಂಬು. ತೆಳ್ಳಗೆ, ನೂಲಿನ ಹಾಗೆ ಬಿಟ್ಟೆ. ಇವೂ ಸತ್ತರೆ ನನ್ನ ಕೈಗುಣದ ಮಾತು ಊರೆಲ್ಲ ಆಡಿಕೊಳ್ಳುವುದು ಹಾಗಿರಲಿ, ನಾನೇ ನಂಬಿಬಿಡುತ್ತಿದ್ದೆ. ನೀವು ಬರುವವರೆಗೆ ಅಲ್ಲೇ ಕೂತಿದ್ದೆ. ಸಿಲೋನು ಒಂದು ಸುತ್ತು ಬಂದು ನನ್ನ ಮುಂದೆ ನಿಂತು ಬಾಯಿ ಆಡಿಸಿತು. ಅವತ್ತಿನಿಂದ ಬಿಸಿಲುಗಾಲದಲ್ಲಿ ದಿನಕ್ಕೆ ಎರಡು ಚೊಂಬು, ಮಿಕ್ಕ ದಿನ ಒಂದು. ಐದು ವರ್ಷ ತಪ್ಪಿಸಲಿಲ್ಲ ಕಣ್ರೀ, ಇದೇ ನನ್ನ ತಪ್ಪು.

ಆ ವಾರವೇ ನೀವು ತೊಟ್ಟಿಗೆ ಗಾಜಿನ ಮುಚ್ಚಳ ಮಾಡಿಸಬೇಕೇ? "ನೋಡಿದ್ಯಾ, ಮುಚ್ಚಳ ಹಾಕಿದ್ಮೇಲೆ ನೀರು ಇಳೀತಾನೇ ಇಲ್ಲ! ಮೀನೂ ಗೆಲುವಾದ್ವು!" ಅಂದಿರಿ. ನಾನು ಒಗ್ಗರಣೆ ಹಾಕುವ ನೆಪದಲ್ಲಿ ಅಡುಗೆಮನೆಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಹೊಸದಾಗಿ ಟಿ.ವಿ. ಆಂಟೆನಾ ಹಾಕಿಸಲು ಬಂದವರನ್ನೂ ಮನೆಗೆ ಕರೆತಂದು ನಿಮ್ಮ ಮುಚ್ಚಳ ತೋರಿಸುತ್ತಿದ್ದಿರಿ. ತಿಂಗಳಿಗೊಮ್ಮೆ ಒಂದಿಷ್ಟು ಹಳೇ ನೀರು ತೆಗೆದು ಹೊಸ ಸಮುದ್ರ ತುಂಬುತ್ತಿದ್ದವರು ನೀವೇ, ಆ ಶ್ರಮ ಸುಳ್ಳಲ್ಲ. ಆದರೂ ಒಂದು ದಿನವಾದರೂ ಅನುಮಾನ ಬಂದಿತ್ತಾ ನಿಮಗೆ? ಬಿಡಿ, ಬಂದಿದ್ದರೆ ಸುಮ್ಮನಿರುವ ಆಸಾಮಿಯೇ ನೀವು?

ಇಡೀ ಸಾಯಂಕಾಲ ಕರೆಂಟು ಇಲ್ಲದೆ ಹೋದ ಆ ಯುಗಾದಿಯ ಹಿಂದಿನ ದಿನ ನೆನಪಿದೆಯಾ? ಟ್ಯೂಬಿನ ಗಾಳಿ ಮುಗಿದು, ಸೈಕಲ್ ಪಂಪು ಹಿಡಿದು ಇಬ್ಬರೂ ಸರದಿ ಪ್ರಕಾರ ಗಾಳಿ ಹೊಡೆದೆವು. "ಪಂಪು ಮುಟ್ಟಬಹುದಾ, ಅದಕ್ಕೂ ಕೈಗುಣ ಬೇಕಾ?" ಎಂದು ನಾನು ಚುಚ್ಚಿದೆ. ನನ್ನ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅದನ್ನು ಹಿಡಿದು ಕೊಬ್ಬರಿ ಎಣ್ಣೆ ಹಚ್ಚಿದಿರಿ, ಹಚ್ಚಿದ ಮೇಲೂ ಬಿಡಲಿಲ್ಲ. "ಸರೋಜಾ, ಅವತ್ತು ನಾನು..." ಎಂದು ಏನೋ ಹೇಳಲು ಬಾಯಿ ತೆರೆದಿರಿ. ಅಷ್ಟರಲ್ಲಿ ಆ ದರಿದ್ರ ಕರೆಂಟು ಬಂದುಬಿಟ್ಟಿತು, ನೀವು ಮೋಟರಿನ ಕಡೆ ಎದ್ದು ಓಡಿದಿರಿ.

ಕೋಲಾರದ ಆಸ್ಪತ್ರೆಯಲ್ಲಿ ಎದೆ ನೋವಿನ ನಡುವೆಯೂ ನೀವು ಕೇಳಿದ್ದು ಮೀನನ್ನೇ. "ಇನ್ಮೇಲೆ ನೀನೇ ನೋಡ್ಕೋ" ಅಂದಿರಿ. ಐದು ವರ್ಷಕ್ಕೆ ಮುಟ್ಟಲು ಅಪ್ಪಣೆ ಸಿಕ್ಕಿತು ಎಂದು ನನ್ನ ಕಣ್ಣು ತುಂಬಿತು. ಆಮೇಲೆ ನನ್ನ ಕೈ ತೆಗೆದು ನಿಮ್ಮ ತಲೆಯ ಮೇಲೆ ಇಟ್ಟುಕೊಂಡು, "ಕ್ಯಾನಿನ ನೀರು ಬಿಟ್ಟು ಬೇರೆ ನೀರು ಹಾಕಲ್ಲ ಅಂತ ನನ್ನ ಮೇಲೆ ಆಣೆ ಮಾಡು" ಅಂದಿರಿ. ಆ ಸ್ಥಿತಿಯಲ್ಲಿ ನಾನು ಬಾಯಿ ಬಿಟ್ಟು ಹೇಗೆ ಹೇಳಲಿ? "ನಿಮ್ಮಾಣೆಗೂ ಹಾಕಲ್ಲ" ಅಂದೆ. ಮನಸ್ಸಿನಲ್ಲಿ ಚೊಂಬು ಇಟ್ಟುಕೊಂಡೇ ಅಂದೆ. ಎರಡನೇ ದಿನ ನೀವು ಹೊರಟುಹೋದಿರಿ.

ನಿಮ್ಮ ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ನಾನು ತೊಟ್ಟಿಯ ಮುಂದೆ ಕೂತೆ. ತಲೆಯ ಮೇಲೆ ಕೈಯಿಟ್ಟು ಸುಳ್ಳಾಣೆ ಮಾಡಿದರೆ ಆ ತಲೆಗೇ ಕೇಡು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ನಾನೇ ನಿಮ್ಮನ್ನು... ಬರೆಯಲಾರೆ. ಹೋದವರಿಗೆ ಕೊಟ್ಟ ಮಾತಾದರೂ ನಿಜವಾಗಲಿ ಎಂದು ಚೊಂಬನ್ನು ಅಟ್ಟಕ್ಕೆ ಹಾಕಿ, ಇಳಿದ ನೀರಿಗೆಲ್ಲ ಕ್ಯಾನಿನದನ್ನೇ ಹಾಕಿದೆ. ಕೆಟ್ಟ ಬಿಸಿಲು. ವಾರ ಕಳೆಯುತ್ತಲೇ ಗಾಜಿಗೆ ಬಿಳಿ ಕಟ್ಟಿತು. ಇನ್ನೊಂದು ವಾರಕ್ಕೆ ಮದ್ರಾಸು ತಳದಲ್ಲಿ ಓರೆಯಾಗಿ ಬಿದ್ದು ಏದುಸಿರು ಬಿಡುತ್ತಿತ್ತು, ಸಿಲೋನು ಅದನ್ನು ಬಿಟ್ಟು ಕದಲುತ್ತಿರಲಿಲ್ಲ.

ಆ ಬೆಳಿಗ್ಗೆ ನಿಮ್ಮ ಫೋಟೋ ಮುಂದೆ ನಿಂತು ಜಗಳ ಆಡಿದೆ, ಕೇಳಿಸಿತಾ? "ಆಣೆ ಇಟ್ಕೊಂಡ್ರೆ ಮೀನು ಹೋಗ್ತವೆ, ಮೀನು ಉಳಿಸಿದ್ರೆ ಆಣೆ ಹೋಗುತ್ತೆ. ಯಾವ್ದು ಬೇಕು ಹೇಳಿ!" ನೀವು ಫೋಟೋದಲ್ಲಿ ಸುಮ್ಮನೆ ನಗುತ್ತಾ ನಿಂತಿದ್ದಿರಿ. ಅಟ್ಟದಿಂದ ಚೊಂಬು ಇಳಿಸಿದೆ. ಮಧ್ಯಾಹ್ನದವರೆಗೆ ಕಾಯಲಿಲ್ಲ, ಬಾಗಿಲು ಮುಚ್ಚಲಿಲ್ಲ, ನಿಮ್ಮ ಕಣ್ಣೆದುರಿಗೇ ನೂಲಿನ ಹಾಗೆ ಬಿಟ್ಟೆ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಆರನೆಯ ದಿನ ಮದ್ರಾಸು ಎದ್ದು ನನ್ನ ಬೆರಳಿನಿಂದ ಒಣಸೀಗಡಿಯ ಚೂರು ಕಚ್ಚಿಕೊಂಡು ಹೋಯಿತು. ನೀವು ಹೋದಾಗ ಜನರ ಮುಂದೆ ಅಳಲಾಗದೆ ಉಳಿದ ಅಳು ಅವತ್ತು ಬಂತು.

ಇವತ್ತಿಗೆ ಸರಿಯಾಗಿ ವರ್ಷವಾಯಿತು. ನಿಮ್ಮ ಎಡೆಗೆ ಅಡುಗೆ ಮಾಡುತ್ತಿದ್ದಾಗ ಮಸ್ತಾನ್ ಭಾಯ್ ಕ್ಯಾನು ಇಳಿಸಲು ಬಂದ. ನಾಲ್ಕು ದಿನದಿಂದ ಕಲ್ಲಿನ ಮೇಲೆ ಏನೋ ಕೆಂಪಗೆ ಕಸ ಅಂಟಿದೆ, ತೆಗೆಯಲು ಹೋದರೆ ಮದ್ರಾಸು ಕೈಗೇ ಕಚ್ಚಲು ಬರುತ್ತದೆ ಎಂದು ಅವನಿಗೆ ತೋರಿಸಿದೆ. ಆ ಚಿಕ್ಕದು ಅಲ್ಲೇ ನಿಂತು ಆ ಕಸಕ್ಕೆ ರೆಕ್ಕೆಯಿಂದ ಗಾಳಿ ಬೀಸುತ್ತಿತ್ತು. ಅವನು ಗಾಜಿಗೆ ಮೂಗು ಅಂಟಿಸಿ ನೋಡಿ, ಟೋಪಿ ತೆಗೆದು ಎದೆಗೆ ಒತ್ತಿಕೊಂಡ. "ಅರೇ ಭಾಬಿ, ಇದು ಕಸ ಅಲ್ಲ, ಅಂಡೆ! ಮೊಟ್ಟೆ ಇಟ್ಟವೆ! ಮದ್ರಾಸಿನ ಅಂಗಡಿಯವನ ತೊಟ್ಟೀಲೂ ನಾನು ಇದು ನೋಡಿಲ್ಲ!" ಅಂದ. ಆಮೇಲೆ ನಿಮ್ಮ ಫೋಟೋ ಕಡೆ ತಿರುಗಿ, "ಏನು ಕೈಗುಣ ಭಾಯ್ ನಿಮ್ದು!" ಎಂದು ಕಣ್ಣೊರೆಸಿಕೊಂಡ.

ನಾನು ಅವನಿಗೆ ಏನೂ ಹೇಳಲಿಲ್ಲ. ಊರಿನ ಮಟ್ಟಿಗೆ ಆ ಕೀರ್ತಿ ನಿಮಗೇ ಇರಲಿ, ನಿಮ್ಮ ಮುಚ್ಚಳಕ್ಕೂ ಇರಲಿ. ಕ್ಯಾನು ತರಿಸುವುದು ನಿಲ್ಲಿಸುವುದಿಲ್ಲ, ಚೊಂಬೂ ಅಟ್ಟ ಹತ್ತುವುದಿಲ್ಲ. ಆದರೆ ಅವತ್ತು ಕರೆಂಟು ಬಂದು ಅರ್ಧಕ್ಕೆ ನಿಂತ ನಿಮ್ಮ ಮಾತು ನನಗೆ ಇನ್ನೂ ಬರಬೇಕು. ಏನೂಂದ್ರೆ, ಕೇಳಿಸ್ತಾ? ನಿಮ್ಮ ಮೀನು ಮೊಟ್ಟೆ ಇಟ್ಟಿವೆ. ಈಗ ನನ್ನ ಮುಖ ನೋಡಿ ಹೇಳಿ, ನನ್ನ ಕೈಗುಣ ಹೇಗಿದೆ?

ನಿಮ್ಮ
ಸರೋಜ