ಮೈಮೇಲೆ ಸುರಿದ ವಿಮಾನದ ಎಣ್ಣೆ

ಅಕ್ಕಾ,

ಟಿವಿ ನೋಡಿ ಗಾಬರಿಯಾಗಿರುತ್ತೀಯ. ನಾನು ಬದುಕಿ ಉಳಿದಿದ್ದೇನೆ. ನಿನ್ನೆಯ ವಿಮಾನ ಪ್ರದರ್ಶನಕ್ಕೆ ನಮ್ಮ ಆಸ್ಪತ್ರೆಯ ಆಂಬುಲೆನ್ಸನ್ನೂ ಕರೆಸಿದ್ದರು, ನರ್ಸಾಗಿ ನಾನು ಹೋಗಿದ್ದೆ. ಇಲ್ಲಿನ ಯುದ್ಧವಿಮಾನಗಳು ಹಾರುತ್ತಲೇ ಇಂಧನ ಚೆಲ್ಲಿ, ಅದಕ್ಕೆ ತಾವೇ ಬೆಂಕಿ ಹೊತ್ತಿಸಿ ಜನರನ್ನು ರಂಜಿಸುತ್ತವೆ. ಮೂರನೆಯದು ತೀರಾ ತಗ್ಗಿನಲ್ಲಿ ಬಂದು ಇಂಧನ ಚೆಲ್ಲಿತು, ಬೆಂಕಿ ಮಾತ್ರ ಹೊತ್ತಿಕೊಳ್ಳಲಿಲ್ಲ. ಅಷ್ಟೂ ತುಂತುರಾಗಿ ನಮ್ಮೆಲ್ಲರ ಮೇಲೆ ಇಳಿಯಿತು. ಜನ ಅದನ್ನೂ ಆಟವೆಂದುಕೊಂಡು ಚಪ್ಪಾಳೆ ತಟ್ಟಿದರು.

"ಸಿಸ್ಟರ್, ಅಲ್ಲಿ ಟೀ ಒಲೆ ಉರೀತಿದೆ!" ಎಂದು ನಮ್ಮ ಡ್ರೈವರಣ್ಣ ಓಡಿದ. ಒಲೆ ಆರಿಸಲು ಬಗ್ಗಿದವನ ಎಣ್ಣೆಯಲ್ಲಿ ನೆನೆದ ತೋಳುಗಳಿಗೇ ಬೆಂಕಿ ಹತ್ತಿತು. ಆದರೂ ಗ್ಯಾಸ್ ಸಿಲಿಂಡರ್ ಪೂರ್ತಿ ಬಂದ್ ಮಾಡಿಯೇ ಕೈ ತೆಗೆದ. ನಾನು ಕಂಬಳಿ ಸುತ್ತಿ ಆರಿಸಿದೆ. ಬೇರೆ ಯಾರ ಕೂದಲೂ ಕೊಂಕಲಿಲ್ಲ.

ನನಗೆ ಕಣ್ಣುರಿ ಬಿಟ್ಟರೆ ಬೇರೇನಿಲ್ಲ, ಔಷಧಿ ಹಾಕಿಕೊಳ್ಳುತ್ತಿದ್ದೇನೆ. ಈ ಕಾರ್ಡು ಅಮ್ಮನ ಕೈಗೆ ಸಿಗದ ಹಾಗೆ ನೋಡಿಕೋ.

ಡ್ರೈವರಣ್ಣನ ಎರಡೂ ಕೈ ಕತ್ತರಿಸಿ ತೆಗೆಯಬೇಕೆಂದು ಡಾಕ್ಟರು ಬೆಳಿಗ್ಗೆ ಹೇಳಿದರು. ಅವನು ಆಗಲೇ ಎರಡು ಸಲ ಕೇಳಿದ, "ಸಿಸ್ಟರ್, ಸೋಮವಾರ ಗಾಡಿ ಓಡಿಸಬಹುದಾ?" ಕೈಯ ವಿಷಯ ಅವನಿಗೆ ನೀನೇ ಹೇಳು ಎಂದು ಡಾಕ್ಟರು ನನಗೆ ಅಂದಿದ್ದಾರೆ. ಎದ್ದಿದ್ದಾನೆ, ಕರೆಯುತ್ತಿದ್ದಾನೆ. ಹೋಗುತ್ತೇನೆ.

ನಿನ್ನ ತಂಗಿ