ಯಮನಪ್ಪನ ಹೊಲದ ಕಂಟಿ, ತಿರುವಿನ ಸುಳಿ

ಹೊಳೆಮಡ್ಡಿ, ಘಟಪ್ರಭೆಯ ದಂಡೆ
ಮರುಮಳೆ ತಿಂಗಳು, ಮೂವತ್ತೈದನೇ ತಾರೀಖು, ೨೨೧೧

ನೆರೆಯ ನಕ್ಷೆ ಮಾಡುವ ಹಿರಿಯರಿಗೆ,

ತಾರೀಖು ನೋಡಿ, ಮುದುಕಿ ತಪ್ಪು ಬರೆದಿದ್ದಾಳೆ ಎಂದುಕೊಳ್ಳಬೇಡಿ. ಮಳೆಗಾಲ ವರ್ಷಕ್ಕೆ ಎರಡು ಸಲ ಬರತೊಡಗಿದ ಮೇಲೆ ನಮ್ಮ ಹಿಂದಿನವರು ಹದಿಮೂರನೆಯದೊಂದು ತಿಂಗಳು ಸೇರಿಸಿ ಮರುಮಳೆ ಎಂದು ಹೆಸರಿಟ್ಟರು. ಮಳೆ ನಿಂತ ದಿನ ಆ ತಿಂಗಳು ಮುಗಿಯುತ್ತದೆ. ಈ ವರ್ಷ ಇನ್ನೂ ನಿಂತಿಲ್ಲ. ನಮ್ಮ ಪದಗಳು ನಿಮ್ಮ ಕಿವಿಗೆ ಒಗ್ಗದಿದ್ದರೆ ಕ್ಷಮಿಸಿ. ನೀವು ನನಗಿಂತ ಎಷ್ಟೋ ತಲೆಮಾರು ಹಿರಿಯರು, ಆದರೆ ನಿಮ್ಮಲ್ಲಿ ಕೆಲವರಿಗೆ ನನ್ನ ಮೊಮ್ಮಗನ ವಯಸ್ಸೂ ಆಗಿರಲಿಕ್ಕಿಲ್ಲ. ಹೇಗೆ ಕರೆಯಬೇಕೆಂದು ತಿಳಿಯದೆ ಹಿರಿಯರೇ ಎಂದಿದ್ದೇನೆ.

ನೀವು ಕಂಪ್ಯೂಟರಿನ ಪರದೆಯ ಮೇಲೆ ನೋಡುವ ನೆರೆ ನಮ್ಮಲ್ಲಿ ಗೋಡೆಯ ಮೇಲೆಯೇ ಬರುತ್ತದೆ. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುವ ಎರಡು ದಿನ ಮೊದಲು, ನೀರು ಎಲ್ಲಿಯವರೆಗೆ ಏರಬಹುದೋ ಅಲ್ಲಿಗೆ ಪ್ರತಿ ಮನೆಯ ಗೋಡೆಯಲ್ಲೂ ನೀಲಿ ಬೆಳಕಿನ ಗೆರೆ ಮೂಡುತ್ತದೆ. ಇದಕ್ಕೆ ತೋರುನೀರು ಎನ್ನುತ್ತೇವೆ. ಹಿಟ್ಟಿನ ಡಬ್ಬಿ, ಹಾಸಿಗೆ, ಮಕ್ಕಳ ಪಾಟಿಚೀಲ ಎಲ್ಲವೂ ನೀಲಿಯ ಮೇಲಕ್ಕೆ ಹೋಗುತ್ತವೆ. ಕೋಳಿಗಳು ಕೂಡ ಆ ಬೆಳಕು ಕಂಡರೆ ತಾವಾಗಿಯೇ ಅಟ್ಟಕ್ಕೆ ಹಾರುತ್ತವೆ. ಹೆಣ್ಣು ಕೊಡುವವರು ಮೊದಲು ಕೇಳುವುದು, ನಿಮ್ಮ ಮನೆಯಲ್ಲಿ ಹೋದ ಸಲ ನೀಲಿ ಎಲ್ಲಿಗೆ ಬಂದಿತ್ತು ಎಂದು. ಸೊಂಟದ ನೀಲಿ ಮೂಡಿದರೆ ಎಲ್ಲರೂ ಎದ್ದು ಎತ್ತರದ ಮಡ್ಡಿಯ ಮೇಲಿನ ಕಲ್ಲಿನ ಛತ್ರಕ್ಕೆ ಹೋಗುತ್ತೇವೆ. ಮೊಣಕಾಲು ನೀಲಿಗೆ ಯಾರೂ ಮನೆ ಬಿಡುವುದಿಲ್ಲ. ಬಿಟ್ಟವರನ್ನು ವರ್ಷವಿಡೀ ಆಡಿಕೊಳ್ಳುತ್ತಾರೆ.

ನೀಲಿ ಸರಿಯಾಗಿ ಮೂಡಬೇಕಾದರೆ ನೆಲದ ಒರಟು ಎಷ್ಟೆಂದು ನೆರೆಯ ಲೆಕ್ಕ ಹಾಕುವ ಯಂತ್ರಕ್ಕೆ ಗೊತ್ತಿರಬೇಕು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಉತ್ತಿ ಹಸನು ಮಾಡಿದ ನೆಲಕ್ಕೆ ಸಣ್ಣ ಸಂಖ್ಯೆ, ಕಬ್ಬಿಗೆ ದೊಡ್ಡದು, ಮುಳ್ಳುಕಂಟಿ ಬೆಳೆದ ಹೊಲಕ್ಕೆ ಇನ್ನೂ ದೊಡ್ಡದು. ಒರಟು ಹೆಚ್ಚಿದಷ್ಟೂ ನೀರು ತಡೆದು ನಿಂತು ಹಿಂದಕ್ಕೆ ಏರುತ್ತದೆ. ನಿಮ್ಮ ಕಾಲದಲ್ಲಿ ಆಕಾಶದಿಂದ ತೆಗೆದ ಚಿತ್ರ ನೋಡಿ ಈ ಸಂಖ್ಯೆ ಕೊಡುತ್ತಿದ್ದರಂತೆ. ನಮ್ಮಲ್ಲಿ ಕಾಲೊರಟು ಎಂಬ ಪದ್ಧತಿ ಇದೆ. ಮೊದಲ ಮಳೆಗೆ ಮುಂಚೆ ಊರೆಲ್ಲ ಚಪ್ಪಲಿ ಬಿಟ್ಟು ಹೊಲದಿಂದ ಹೊಲಕ್ಕೆ ನಡೆಯುತ್ತೇವೆ. ಕಾಲಿಗೆ ತಿಳಿದದ್ದನ್ನು ಹೇಳುತ್ತೇವೆ, ಅದು ಸಂಖ್ಯೆಯಾಗುತ್ತದೆ. ತನ್ನ ಹೊಲದ ಒರಟನ್ನು ತಾನೇ ಹೇಳುವಂತಿಲ್ಲ, ಪಕ್ಕದ ಹೊಲದವರು ಹೇಳಬೇಕು. ಸುಳ್ಳು ನುಸುಳಬಾರದೆಂದು ಮಾಡಿದ ನಿಯಮ ಅದು. ಆದರೆ ನಾವು ಒಂದೇ ಊರಿನ ಜನ. ನಿನ್ನ ಹೊಲದಲ್ಲಿ ಕಂಟಿ ಬೆಳೆದಿದೆ ಎಂದು ಊರಿನ ಮುಂದೆ ಹೇಳಿದರೆ ನೀನು ಮೈಗಳ್ಳ ಎಂದಂತೆ.

ನನ್ನ ಅಕ್ಕ ಸಾಂತವ್ವನ ಮನೆ ಹೊಳೆಯ ತಿರುವಿನಲ್ಲಿದೆ. ಅವಳ ಮನೆಯಿಂದ ಕೆಳಗೆ, ನೀರು ಹರಿದು ಹೋಗುವ ದಿಕ್ಕಿನಲ್ಲಿ ಯಮನಪ್ಪನ ಹೊಲ. ಬೆನ್ನು ನೋವಾಗಿ ಅವನು ಎರಡು ವರ್ಷ ಉಳುಮೆ ಬಿಟ್ಟಿದ್ದ. ಜಾಲಿಕಂಟಿ ಆಳೆತ್ತರ ಬೆಳೆದು ನಿಂತಿತ್ತು. ಹೋದ ವರ್ಷದ ಕಾಲೊರಟಿನಲ್ಲಿ ಸಾಂತವ್ವ ಆ ಹೊಲದ ಬದುವಿನಲ್ಲಿ ನಿಂತು, ಮುಳ್ಳು ಚುಚ್ಚಿದ ಕಾಲನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡು ಹೇಳಿದಳು.

“ಹಾಸಿದ ಚಾಪಿ ಆಗೈತಿ ನೋಡ್ರಿ ನಮ್ಮ ಯಮನಪ್ಪನ ಹೊಲ.”

ಯಮನಪ್ಪನೇ ನಕ್ಕುಬಿಟ್ಟ. “ಆ ಚಾಪಿಯಾಗ ನಿನ್ನೆ ನನ್ನ ಆಡು ಕಳದೈತಿ ಸಾಂತಕ್ಕ. ಇನ್ನೂ ಸಿಕ್ಕಿಲ್ಲ.”

“ಸುಮ್ಮನಿರೋ ತಮ್ಮಾ. ಆಡಿಗೆ ಚಾಪಿ ಯಾವುದು, ಕಂಟಿ ಯಾವುದು ಗೊತ್ತಾಗ್ತೈತೇನು?”

ಎಲ್ಲರೂ ನಕ್ಕೆವು. ಸಣ್ಣ ಸಂಖ್ಯೆ ಯಂತ್ರಕ್ಕೆ ಹೋಯಿತು.

ಆ ವರ್ಷದ ಮರುಮಳೆಯಲ್ಲಿ ನೀರು ಬಿಡುವ ಮುನ್ನ ಸಾಂತವ್ವನ ಗೋಡೆಯ ಮೇಲೆ ಮೊಣಕಾಲು ನೀಲಿ ಮೂಡಿತು. ಸೊಸೆ ಬಾಣಂತಿ. ಕೂಸಿನ ತೊಟ್ಟಿಲನ್ನು ಎದೆಯೆತ್ತರಕ್ಕೆ ಕಟ್ಟಿ, ಇಷ್ಟು ಸಾಕು ಎಂದು ಒಳಗೇ ಉಳಿದರು. ಹೊಳೆಗೆ ನಮ್ಮ ದಾಕ್ಷಿಣ್ಯ ಗೊತ್ತಿಲ್ಲವಲ್ಲ. ನೀರು ಯಮನಪ್ಪನ ಕಂಟಿಗೆ ಬಡಿದು, ಕಸಕಡ್ಡಿ ಸಿಕ್ಕಿಕೊಂಡು ಅದೇ ಒಂದು ಒಡ್ಡಾಗಿ, ಹಿಂದಕ್ಕೆ ಏರಿತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಲಿನ ತಳ ಒದ್ದೆಯಾಗಿತ್ತು. ಮೂವರೂ ಮಾಳಿಗೆ ಏರಿ ಕೂಗಿದರು. ಮಡ್ಡಿಯಿಂದ ಕಂಡವರಲ್ಲಿ ಮೊದಲು ಹರಿಗೋಲು ಇಳಿಸಿದವನು ಯಮನಪ್ಪ. ಬೆನ್ನು ನೋವಿನವನು, ಯಾರು ತಡೆದರೂ ಕೇಳಲಿಲ್ಲ.

ಮೊದಲ ಸಲ ಅವನು ದೂರದ ದಾರಿಯಲ್ಲಿ ಸುತ್ತಿ ಹೋಗಿ ಬಾಣಂತಿಯನ್ನೂ ಕೂಸನ್ನೂ ಮಡ್ಡಿಗೆ ತಲುಪಿಸಿದ. ಸಾಂತವ್ವ ಮಾಳಿಗೆಯ ಮೇಲೆಯೇ ಇದ್ದಳು. ಅವಳನ್ನು ಕರೆತರಲು ಅವನು ಮತ್ತೆ ಹೊರಡುವಷ್ಟರಲ್ಲಿ ಸೆಳೆತ ಜೋರಾಗಿತ್ತು, ಅವನ ಬೆನ್ನು ಸೋತಿತ್ತು. ಹರಿಗೋಲಿನ ಅಂಚಿನಲ್ಲಿ ದಾರಿ ತೋರುವ ಸಣ್ಣದೊಂದು ನಕ್ಷೆ ಇರುತ್ತದೆ. ತಿರುವಿನಲ್ಲಿ ನೀರು ನೆಟ್ಟಗೆ, ಶಾಂತವಾಗಿ ಹರಿಯುತ್ತಿದೆ, ಅಲ್ಲಿಂದ ಹೋದರೆ ಹತ್ತಿರ ಎಂದು ಅದು ತೋರಿಸಿತು, ಅವನು ಆ ದಾರಿ ಹಿಡಿದ. ಆ ತಿರುವಿನಲ್ಲಿ ನಿಮ್ಮ ಕಾಲದ ಸೇತುವೆಯ ಮುರಿದ ಗೋಡೆಯೊಂದಿದೆ. ಉಳಿದ ದಿನ ಅದು ಒಣನೆಲದ ಮೇಲೆ ನಿಂತಿರುತ್ತದೆ, ನಾವು ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತೇವೆ. ನೀರು ಅಲ್ಲಿಗೆ ಏರಿದ್ದನ್ನು ಊರಿನಲ್ಲಿ ಬದುಕಿರುವವರು ಯಾರೂ ಕಂಡಿರಲಿಲ್ಲ. ಅದರ ಹಿಂದೆ ಸುಳಿ ಎದ್ದಿತ್ತು. ಹರಿಗೋಲು ಬುಗುರಿಯಂತೆ ತಿರುಗಿದ್ದನ್ನು ಸಾಂತವ್ವ ಮಾಳಿಗೆಯಿಂದ ನೋಡಿದಳು. ಮರುದಿನ ನೀರು ಇಳಿಯಿತು, ಅವಳು ಇಳಿದು ಬಂದಳು. ಯಮನಪ್ಪ ಬರಲಿಲ್ಲ.

ಆ ಸುಳಿ ನಕ್ಷೆಯಲ್ಲಿ ಯಾಕೆ ಕಾಣಲಿಲ್ಲ ಎಂದು ಯಂತ್ರವನ್ನು ಕೇಳಿದೆವು. ಸುಳಿಮಂದ ಎಂಬ ಸಂಖ್ಯೆಯನ್ನು ಅದು ಮುಂದಿಟ್ಟಿತು. ನಿಮ್ಮಲ್ಲಿ ಅದಕ್ಕೆ ಎಡ್ಡಿ ವಿಸ್ಕಾಸಿಟಿ ಎನ್ನುತ್ತಾರಂತೆ. ಸುಳಿಯಲ್ಲಿ ಒಂದು ಪದರದ ನೀರು ಪಕ್ಕದ ಪದರದ ನೀರನ್ನು ಎಷ್ಟು ಬಿಗಿಯಾಗಿ ಎಳೆಯುತ್ತದೆ ಎಂಬುದರ ಅಳತೆ ಅದು. ಅದನ್ನು ಹೆಚ್ಚಿಗೆ ಇಟ್ಟರೆ ಲೆಕ್ಕದ ಹೊಳೆ ಬೆಲ್ಲದ ಪಾಕದಂತೆ ಮಂದವಾಗಿ, ಸುಳಿಗಳೆಲ್ಲ ಅದರಲ್ಲಿ ಕರಗಿ ಕಾಣದಾಗುತ್ತವೆ. ಕಡಿಮೆ ಇಟ್ಟರೆ ಸುಳಿಗಳು ಕಾಣುತ್ತವೆ, ಆದರೆ ಲೆಕ್ಕ ನಡುಗುತ್ತದೆ, ಗೆರೆ ಒಂದು ಕಡೆ ನಿಲ್ಲುವುದಿಲ್ಲ. ನಮ್ಮ ತಿರುವಿಗೆ ಆ ಸಂಖ್ಯೆ ಕೊಟ್ಟದ್ದು ನಿಮ್ಮ ಕಾಲದಲ್ಲಿ. ಯಾರೋ ನಿಮ್ಮವರೊಬ್ಬರು, ಪಾಪ, ನಕ್ಷೆ ನಡುಗುವುದನ್ನು ನೋಡಲಾರದೆ ಅದನ್ನು ಏರಿಸಿ ಸುಮ್ಮನಾಗಿಸಿರಬೇಕು. ಆಮೇಲೆ ಬಂದವರೆಲ್ಲ ಶಾಂತವಾಗಿದೆಯಲ್ಲ ಎಂದು ಹಾಗೇ ಬಿಟ್ಟರು. ನಾವೂ ಬಿಟ್ಟೆವು. ನಿಮ್ಮನ್ನು ಬಯ್ಯಲು ಬರೆಯುತ್ತಿಲ್ಲ. ನೆರೆಯವನ ಮನಸ್ಸು ನೋಯಬಾರದೆಂದು ನಾವು ನೆಲವನ್ನು ನುಣುಪು ಮಾಡಿದೆವು, ನೋಡುವವರು ಹೆದರಬಾರದೆಂದು ನೀವು ನೀರನ್ನು ನುಣುಪು ಮಾಡಿದಿರಿ.

ಈ ವರ್ಷದ ಕಾಲೊರಟಿನಲ್ಲಿ ಮತ್ತೆ ಆ ಹೊಲಕ್ಕೆ ಬಂದೆವು. ಕಂಟಿ ಹಾಗೆಯೇ ಇತ್ತು. ಯಮನಪ್ಪನ ಹೆಂಡತಿ ಮಾಯಕ್ಕ ಬದುವಿನಲ್ಲಿ ನಿಂತಿದ್ದಳು. ಸಾಂತವ್ವ ಕಂಟಿಯೊಳಗೆ ಕಾಲಿಟ್ಟು ಅಲ್ಲೇ ನಿಂತಳು. ಊರೆಲ್ಲ ನೆಲ ನೋಡುತ್ತಿತ್ತು. ಕೊನೆಗೆ ಮಾಯಕ್ಕನೇ ಮಾತೆತ್ತಿದಳು.

“ಯಾಕ ನಿಂತಿ ಸಾಂತಕ್ಕ? ಕಾಲಿಗೆ ಮುಳ್ಳು ಚುಚ್ಚಲಿಲ್ಲೇನು?”

“ಚುಚ್ಚೇತವ್ವ.”

“ಮತ್ತ ಚುಚ್ಚಿದ್ದು ಹೇಳು.”

“ಕಂಟಿ ಬೆಳದೈತಿ. ಆಳೆತ್ತರ ಐತಿ.”

“ಹಂಗಂತ ಹಾಕ್ರಿ,” ಎಂದಳು ಮಾಯಕ್ಕ, ಯಂತ್ರಕ್ಕೆ ಸಂಖ್ಯೆ ಹಾಕುವವರ ಕಡೆ ತಿರುಗಿ.

ಆ ದಿನ ಊರಿನ ಅರ್ಧ ಹೊಲಗಳ ಒರಟು ಏರಿತು. ಕೆಲವರು ಇನ್ನೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಿಲ್ಲ. ಸುಳಿಮಂದವನ್ನೂ ಇಳಿಸಿದೆವು. ಈಗ ತಿರುವಿನ ಮನೆಗಳಲ್ಲಿ ನೀಲಿ ಗೆರೆ ನಡುಗುತ್ತದೆ. ಮಕ್ಕಳು ಮೊದಲು ಹೆದರಿದವು, ಈಗ ಅದಕ್ಕೆ ಯಮನಪ್ಪ ಮಾಮಾ ಎಂದು ಹೆಸರಿಟ್ಟು, ಮಾಮಾ ಅಲ್ಲಾಡಿದರೆ ಹೊಳೆಗೆ ಹೋಗಬಾರದು ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತವೆ.

ನಮ್ಮದನ್ನು ನಾವು ಸರಿಮಾಡಿಕೊಂಡ ಮೇಲೆ ನಿಮಗೆ ಬರೆಯುವುದೇಕೆ ಎಂದು ಕೇಳಬಹುದು. ಅದಕ್ಕೊಂದು ಆಸೆ ಕಾರಣ. ಈ ಕಾಗದ ಹೇಗಾದರೂ ಮಾಡಿ ನಿಮ್ಮ ಮೇಜಿಗೆ ಬಂದರೆ, ಘಟಪ್ರಭೆಯ ಈ ತಿರುವಿನ ಲೆಕ್ಕ ನಿಮ್ಮ ಪರದೆಯ ಮೇಲೆ ನಡುಗುತ್ತಿದ್ದರೆ, ದಯಮಾಡಿ ಅದನ್ನು ನಡುಗಲು ಬಿಡಿ. ಮುರಿದ ಗೋಡೆಯ ಹಿಂದೆ ಒಂದು ಸುಳಿ ಕಾಣಲಿ.

ನಾನು ದಿನವೂ ಸಂಜೆ ಬಾಗಿಲಲ್ಲಿ ಕುಳಿತು ತಿರುವಿನ ಕಡೆ ನೋಡುತ್ತೇನೆ. ಒಂದು ದಿನ ಯಮನಪ್ಪ ಬೆನ್ನು ಹಿಡಿದುಕೊಂಡು ಆ ದಾರಿಯಲ್ಲಿ ನಡೆದು ಬಂದರೆ, ಕಾಗದ ನಿಮಗೆ ಮುಟ್ಟಿತೆಂದು ತಿಳಿಯುತ್ತೇನೆ. ಅವನಿಗೆ ಮೊದಲು ನೀರು ಕೊಡುತ್ತೇನೆ. ಆಮೇಲೆ ಅವನ ಹೊಲದಲ್ಲಿ ಕಂಟಿ ಬೆಳೆದಿದೆ ಎಂದು ಮುಖದ ಮೇಲೆಯೇ ಹೇಳುತ್ತೇನೆ.

ನಿಮ್ಮ,
ಹೊಳೆಮಡ್ಡಿಯ ಬಾಗವ್ವ